ಹತ್ತೊಂಬತ್ತನೇ ನಾಲಗೆ

ಬಟ್ಟಲಲ್ಲಿ ಇದ್ದದ್ದು ಬೂದು ಬಣ್ಣದ ಅಂಬಲಿ. ಉಪ್ಪಿಲ್ಲ, ಖಾರವಿಲ್ಲ, ವಾಸನೆಯೆಂಬುದು ಮೊದಲೇ ಇಲ್ಲ. ಗೋಡೆಗೆ ಬಳಿಯಲು ಕಲಸಿಟ್ಟ ಸುಣ್ಣದಂತಿದ್ದ ಅದನ್ನು ಫಕೀರಪ್ಪ ಕಣ್ಣು ಮುಚ್ಚಿಕೊಂಡು ಉಣ್ಣುತ್ತಿದ್ದ. ಒಂದೊಂದು ಚಮಚಕ್ಕೂ ಮುಖದಲ್ಲಿ ಮದುವೆಮನೆಯ ಕಳೆ. ಕೊನೆಗೆ ಬೆರಳಿನಿಂದ ಬಟ್ಟಲು ಬಳಿದು, ಆ ಬೆರಳನ್ನೂ ಬಿಡದೆ ನೆಕ್ಕಿ, "ಏನ್ ಭಾಗ್ಯವಂತಳೋ ಆಕಿ, ದಿನಾ ಇದನ್ನ ಉಣ್ತಾಳ" ಎಂದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನೀಲವ್ವನ ಮೈಯೆಲ್ಲ ಉರಿದುಹೋಯಿತು. ಐವತ್ತೊಂದು ವರ್ಷ ಈ ಮನುಷ್ಯನಿಗೆ ರೊಟ್ಟಿ ಬಡಿದು ಅವಳ ಅಂಗೈ ಚಪ್ಪಟೆಯಾಗಿತ್ತು. ಒಂದು ದಿನ, ಒಂದೇ ಒಂದು ದಿನವೂ, ಅವನು ಬೆರಳು ನೆಕ್ಕಿದ್ದನ್ನು ಅವಳು ಕಂಡಿರಲಿಲ್ಲ. ಈಗ ಹೆಸರಿಲ್ಲದ, ಮುಖವಿಲ್ಲದ ಯಾವಳೋ ಒಬ್ಬಳ ಬಾಯಿಯ ರುಚಿಗೆ ಹೀಗೆ ಕಣ್ಣು ಮುಚ್ಚುತ್ತಾನೆ. ಅವಳು ಬಟ್ಟಲನ್ನು ಅವನ ಕೈಯಿಂದ ಕಿತ್ತುಕೊಂಡು ಹೋಗಿ, ತೊಳೆಯುವ ನೆಪದಲ್ಲಿ ಬಚ್ಚಲ ಕಲ್ಲಿಗೆ ನಾಲ್ಕು ಸಲ ಕುಟ್ಟಿದಳು.

ಇದು ಹುಬ್ಬಳ್ಳಿಯಲ್ಲಿ ಮೂವರಲ್ಲಿ ಒಬ್ಬರಿಗೆ ಎಪ್ಪತ್ತು ದಾಟಿದ್ದ ಕಾಲದ ಮಾತು. ರೋಗ ಬಂದು ಸಾಯುವುದನ್ನು ವಿಜ್ಞಾನ ಬಹಳ ಮಟ್ಟಿಗೆ ತಡೆದಿತ್ತು. ಊಟ ಬಿಟ್ಟು ಸಾಯುವುದನ್ನು ತಡೆಯಲು ಆಗಿರಲಿಲ್ಲ. ಕಾಳುಕಡಿ ತುಂಬಿದ ಮನೆಗಳಲ್ಲೇ, ಬಡಿಸಿಟ್ಟ ತಟ್ಟೆಯ ಮುಂದೆಯೇ, ಹಿರಿಯರು ಒಣಗಿ ಕಡ್ಡಿಯಾಗುತ್ತಿದ್ದರು. ಹಲವರಿಗೆ ಅದಕ್ಕೆ ಕಾರಣ ನಾಲಗೆ. ವಯಸ್ಸಾದಂತೆ ರುಚಿಮೊಗ್ಗುಗಳು ಉದುರುತ್ತವೆ, ಮೂಗು ಮಂಕಾಗುತ್ತದೆ, ಅನ್ನವೂ ಅರಳೆಯೂ ಬಾಯಿಗೆ ಒಂದೇ ಆಗುತ್ತದೆ. ಅರಳೆಯನ್ನು ಯಾರು ಉಂಡಾರು? ಹಾಗಾದರೆ, ರುಚಿ ಕಾಣುವ ಒಬ್ಬರ ನಾಲಗೆಯಿಂದ ಮಿದುಳಿಗೆ ಹೋಗುವ ಸುದ್ದಿಯನ್ನು ದಾರಿಯಲ್ಲೇ ಹಿಡಿದಿಟ್ಟು, ರುಚಿ ಸತ್ತ ಇನ್ನೊಬ್ಬರ ಮಿದುಳಿಗೆ ತಲುಪಿಸಿದರೆ? ಉಣಕಲ್ ಕೆರೆಯ ಆಚೆ ಹೊಸದಾಗಿ ಎದ್ದಿದ್ದ ಪ್ರಯೋಗಾಲಯದವರು ಅದನ್ನೇ ಮಾಡಿದ್ದರು. ಅಂಗುಳಕ್ಕೆ ಅಂಟಿಕೊಳ್ಳುವ, ಈರುಳ್ಳಿ ಪೊರೆಯಷ್ಟು ತೆಳುವಾದ ಒಂದು ಪಟ್ಟಿ. ಸೊಂಟಕ್ಕೆ ಸಿಕ್ಕಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಯಾರದೋ ರುಚಿ, ಬಾಯಲ್ಲಿ ಪುಷ್ಟಿಯ ಅಂಬಲಿ. ಅಗಿದದ್ದು ಅಂಬಲಿಯಾದರೂ ಅನಿಸುವುದು ಯಾರೋ ಉಂಡ ಊಟ.

ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್ ಆಗಿ ದುಡಿದು ನಿವೃತ್ತನಾಗಿದ್ದ ಫಕೀರಪ್ಪ ಈಚಿನ ಎರಡೇ ವರ್ಷದಲ್ಲಿ ಅರವತ್ತೊಂದು ಕಿಲೋದಿಂದ ನಲವತ್ನಾಲ್ಕಕ್ಕೆ ಇಳಿದಿದ್ದ. ನಲವತ್ತೆರಡಕ್ಕಿಂತ ಕೆಳಗೆ ಹೋದರೆ ಮೂಗಿನಲ್ಲಿ ನಳಿಕೆ ಇಳಿಸಿ ಆಸ್ಪತ್ರೆಯಲ್ಲಿ ಮಲಗಿಸಬೇಕಾಗುತ್ತದೆ, ಈ ವಯಸ್ಸಿನಲ್ಲಿ ಆ ನಳಿಕೆ ಹಾಕಿಸಿಕೊಂಡವರು ಎದ್ದು ಮನೆಗೆ ಬಂದದ್ದು ಕಡಿಮೆ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ವಾರ್ಡಿನ ಕಾರ್ಯಕರ್ತೆ ರೇಣವ್ವ ಸಮೀಕ್ಷೆಗೆ ಬಂದು, "ಈ ಮನ್ಯಾಗ ಹಿರೇರು ಯಾರು ಸರಿಯಾಗಿ ಉಣ್ಣೂದಿಲ್ಲ?" ಎಂದು ಕೇಳಿದಾಗ ಬಸ್ಸು ಓಡಿಸುವ ಮಗ ಈರಣ್ಣ ತಟ್ಟನೆ ಅಪ್ಪನ ಕಡೆ ಬೆರಳು ಮಾಡಿದ್ದ.

"ಇವ್ರs ನೋಡ್ರಿ. ತಾಟಿನ್ಯಾಗ ಹಾಕಿದ್ದು ಹಾಕಿದಂಗ ಇರತೈತಿ."

"ಅವ್ವಾರು?"

"ಅವ್ವಗೇನ್ರಿ, ಗಟ್ಟಿ ಅದಾಳ," ಎಂದು ಈರಣ್ಣ ನಕ್ಕಿದ್ದ. ನೀಲವ್ವನೂ ನಕ್ಕು ರೇಣವ್ವನಿಗೆ ಚಹಾ ತಂದುಕೊಟ್ಟಿದ್ದಳು.

ಪಟ್ಟಿ ಹಾಕಿಸುವ ದಿನ ಪ್ರಯೋಗಾಲಯದಲ್ಲಿ ನಡೆದದ್ದನ್ನು ನೀಲವ್ವ ಮರೆಯುವಂತಿರಲಿಲ್ಲ. ಅಲ್ಲಿಯ ಮುಖ್ಯಸ್ಥೆ ಡಾಕ್ಟರ್ ತಬಸ್ಸುಮ್ ನದಾಫ್, ನಲವತ್ತರ ಹೆಂಗಸು, ನವಲಗುಂದದ ಕಡೆಯವಳು. ಅವಳು ಫಕೀರಪ್ಪನನ್ನು ಒರಗು ಕುರ್ಚಿಯಲ್ಲಿ ಕೂರಿಸಿ, ಅಂಗುಳಕ್ಕೆ ಪಟ್ಟಿ ಅಂಟಿಸಿ, ಒಂದು ಚಮಚ ಅಂಬಲಿ ಕೊಟ್ಟು, ಪೆಟ್ಟಿಗೆಯ ತಿರುಗಣೆಯನ್ನು ಒಂದೊಂದೇ ಅಂಕೆಗೆ ತಿರುಗಿಸುತ್ತ ಹೋದಳು. ಇನ್ನೂರು ಮನೆಗಳಿಂದ ರುಚಿ ಹಿಡಿದು ತಂದು, ಅದರಲ್ಲಿ ಇಪ್ಪತ್ನಾಲ್ಕನ್ನು ಆರಿಸಿದ್ದರಂತೆ. ಎಲ್ಲಕ್ಕೂ ಬರೀ ಅಂಕೆ.

"ಹೆಸರ್ಯಾಕ ಇಲ್ಲರಿ?" ಎಂದು ನೀಲವ್ವ ಕೇಳಿದಳು.

"ಮೊದಲ ಹೆಸರು ಹಾಕಿದ್ವಿ ಅಮ್ಮಾರ. ಯಾರ ಮನೀದು, ಯಾವ ಜನ, ಒಲಿ ಮ್ಯಾಲೆ ಏನೇನು ಬೇಯ್ತದ ಅಂತ ಕೇಳಾಕ ಹತ್ತಿದ್ರು. ಒಬ್ಬ ಅಜ್ಜಾರು ಬಾಯಾಗಿಂದ ತಗದು ಒಗದs ಬಿಟ್ರು. ಅದಕ್ಕ ಈಗ ನಮಗೂ ಗೊತ್ತಿರೂದಿಲ್ಲ, ನಿಮಗೂ ಗೊತ್ತಿರೂದಿಲ್ಲ. ಎಲ್ಲಾ ಕೀಲಿ ಹಾಕಿ ಇಟ್ಟೇವಿ."

ಒಂದು, ಎರಡು, ಐದು, ಹನ್ನೊಂದು. ಫಕೀರಪ್ಪ ಮುಖ ಸಿಂಡರಿಸುತ್ತಲೇ ಇದ್ದ. ಹದಿನಾಲ್ಕಕ್ಕೆ, "ಇದು ಯಾರೋ ಹೊಟ್ಟಿ ತುಂಬಿದವ್ರದು, ಬ್ಯಾಡ" ಎಂದ. ಹತ್ತೊಂಬತ್ತು ಬಂದಾಗ ಬಾಯಿ ಆಡಿಸುವುದನ್ನೇ ನಿಲ್ಲಿಸಿದ. ನುಂಗಿದ. ಕಣ್ಣಲ್ಲಿ ನೀರು ಬಂತು. ಎರಡು ವರ್ಷದಿಂದ ಒಂದು ತುತ್ತಿಗೆ ಗೋಗರೆಸಿಕೊಳ್ಳುತ್ತಿದ್ದ ಮನುಷ್ಯ ಅಂಗೈ ಚಾಚಿ, "ಇನ್ನಷ್ಟು ಕೊಡ್ರಿ" ಎಂದ. ಡಾಕ್ಟರ್ ನದಾಫಳ ಮುಖ ಅರಳಿತು, ರೇಣವ್ವ ಚಪ್ಪಾಳೆ ತಟ್ಟಿದಳು. ನೀಲವ್ವನ ಕಣ್ಣೂ ತುಂಬಿತು, ಸುಳ್ಳು ಹೇಳಬಾರದು. ಗಂಡ ಬದುಕಿದ ಎಂದು ಎದೆ ಹಗುರವಾದದ್ದು ನಿಜ. ಆದರೆ ಆ ಹಗುರ ಮನೆ ಮುಟ್ಟುವವರೆಗೂ ಉಳಿಯಲಿಲ್ಲ. ಬಸ್ಸಿನಲ್ಲಿ ಫಕೀರಪ್ಪ, "ಇಂಥಾದ್ದು ನಮ್ಮನ್ಯಾಗ ನಾ ಎಂದೂ ಉಂಡಿಲ್ಲ ಬಿಡು" ಎಂದುಬಿಟ್ಟ.

ಅಂದಿನಿಂದ ಅವನ ತೂಕ ಏರತೊಡಗಿತು. ನೀಲವ್ವನ ಸಂಕಟವೂ.

ಅವಳು ಸುಮ್ಮನಿರಲಿಲ್ಲ. ಮರುದಿನವೇ ಎಣ್ಣೆಗಾಯಿ ಮಾಡಿದಳು, ಹುಚ್ಚೆಳ್ಳು ಹುರಿದು ಕುಟ್ಟಿ ಹಾಕಿ. ಫಕೀರಪ್ಪ ಒಂದು ಚೂರು ಬಾಯಿಗಿಟ್ಟು, "ಹತ್ತೊಂಬತ್ತರ ಮುಂದ ಇದೇನು" ಎಂದು ತಟ್ಟೆ ಸರಿಸಿದ. ಬೆಲ್ಲ ಬೆರೆಸಿ ಮಾದಲಿ ಮಾಡಿದಳು, ಅದನ್ನು ಮುಟ್ಟಲೇ ಇಲ್ಲ. ಅವನಿಗೆ ಬೇಕಾದದ್ದು ಬೂದು ಅಂಬಲಿ ಮತ್ತು ಸೊಂಟದ ಆ ಪೆಟ್ಟಿಗೆ. ಉಂಡಾದ ಮೇಲೆ ಅಂಗಳದ ಬೇವಿನ ಕಟ್ಟೆಗೆ ಹೋಗಿ ಕಾರ್ಖಾನೆಯ ಹಳೆಯ ಗೆಳೆಯರಿಗೆ ವರ್ಣಿಸುತ್ತಿದ್ದ. ಕಿಟಕಿಯ ಹಿಂದೆ ಕಾಳು ಆರಿಸುತ್ತ ಕುಳಿತ ನೀಲವ್ವನ ಕಿವಿಗೆ ಒಂದೊಂದು ಮಾತೂ ಬೀಳುತ್ತಿತ್ತು.

"ಆರಿದ ರೊಟ್ಟಿ ಐತಿ ಅದರಾಗ. ಶೇಂಗಾ ಚಟ್ನಿ. ಹುಳಿ ಮಜ್ಜಿಗಿ. ಇಷ್ಟs. ಆದ್ರ ಹೆಂಗ ಉಣ್ತಾಳ ಗೊತ್ತೇನು ಆಕಿ? ಒಂದೊಂದು ಅಗಳಿಗೂ ಜೀವಾ ಬರತೈತಿ."

"ಆಕಿ ಅಂತ ಹೆಂಗ ಗೊತ್ತು? ಗಂಡಸೂ ಇರಬಹುದಲ್ಲ," ಎಂದು ಯಾರೋ ಕೆಣಕಿದರು.

"ನಾಲಗಿಗೆ ತಿಳೀತೈತಿ. ಹೆಂಗಸs."

ಆರಿದ ರೊಟ್ಟಿ, ಶೇಂಗಾ ಚಟ್ನಿ. ನೀಲವ್ವನ ತಲೆಯಲ್ಲಿ ಹಳೆಯ ಹೆಸರೊಂದು ಎದ್ದು ಕುಳಿತಿತು. ದಾನಮ್ಮ. ಮದುವೆಗೆ ಮುಂಚೆ ಫಕೀರಪ್ಪ ಆರು ವರ್ಷ ಊಟ ಮಾಡಿದ್ದು ದುರ್ಗದ ಬೈಲಿನ ಹಿಂದಿನ ಓಣಿಯಲ್ಲಿದ್ದ ದಾನಮ್ಮನ ಖಾನಾವಳಿಯಲ್ಲಿ. ಮದುವೆಯಾದ ಹದಿನೈದನೇ ದಿನ ನೀಲವ್ವ ಮಾಡಿದ ಕಡಲೆಹಿಟ್ಟಿನ ಜುಣಕ ತಿಂದು, "ಚಲೋ ಆಗೇತಿ, ಆದ್ರ ದಾನಮ್ಮನ ಕೈಯಾಂದು ಬ್ಯಾರೆ" ಎಂದಿದ್ದ. ಹತ್ತೊಂಬತ್ತು ವರ್ಷದ ಹೊಸ ಮದುಮಗಳು ಆ ಮಾತನ್ನು ಗಂಟು ಕಟ್ಟಿ ಇಟ್ಟುಕೊಂಡದ್ದು ಇನ್ನೂ ಬಿಚ್ಚಿರಲಿಲ್ಲ. ಈಗ ಎಪ್ಪತ್ತಾಯಿತು. ಆ ಹೆಂಗಸು ಎಂಬತ್ತೈದರ ಆಸುಪಾಸಿನವಳಾಗಿ ಎಲ್ಲೋ ಕುಳಿತು ಬಾಯಿಗೆ ಪಟ್ಟಿ ಹಾಕಿಸಿಕೊಂಡು, ತನ್ನ ಮನೆಯೊಳಗೆ, ತನ್ನ ಗಂಡನ ಬಾಯೊಳಗೇ ಬಂದು ಕೂತಿದ್ದಾಳೆ. ನೀಲವ್ವನಿಗೆ ಇದರಲ್ಲಿ ಅನುಮಾನವೇ ಉಳಿಯಲಿಲ್ಲ.

ಮೊದಲು ಅವಳು ರುಚಿಯನ್ನೇ ಪರೀಕ್ಷಿಸಲು ಹೊರಟಳು. ಗಂಡ ಸ್ನಾನಕ್ಕೆ ಹೋದಾಗ ಬಟ್ಟಲಲ್ಲಿ ನೆನೆಹಾಕಿದ್ದ ಪಟ್ಟಿಯನ್ನು ತೆಗೆದು ತನ್ನ ಅಂಗುಳಕ್ಕೆ ಅಂಟಿಸಿಕೊಂಡು, ಪೆಟ್ಟಿಗೆಯ ಗುಂಡಿ ಒತ್ತಿ, ಒಂದು ಬೆರಳು ಅಂಬಲಿ ನೆಕ್ಕಿದಳು. ಬಾಯಲ್ಲಿ ಟಾರ್ಚಿನ ಬ್ಯಾಟರಿ ನೆಕ್ಕಿದಾಗ ಆಗುವಂಥ ಚುರುಚುರು, ಅಷ್ಟೇ. ಪಟ್ಟಿ ಫಕೀರಪ್ಪನ ನರಗಳ ಅಳತೆಗೆ ಹೊಂದಿಸಿದ್ದು. ಇನ್ನೊಬ್ಬರ ಬಾಯಿಗೆ ಅದು ಮೂಕ. ಅವರಿಬ್ಬರೂ ಒಳಗೆ ಕೂತು ಬಾಗಿಲು ಹಾಕಿಕೊಂಡಿದ್ದಾರೆ, ತಾನು ಮಾತ್ರ ಹೊರಗೆ ನಿಂತಿದ್ದೇನೆ ಎನಿಸಿ ನೀಲವ್ವನಿಗೆ ಅಳುವೇ ಬಂತು.

ಆ ವಾರವೇ, ಔಷಧ ತರುತ್ತೇನೆಂದು ಹೇಳಿ ದುರ್ಗದ ಬೈಲಿಗೆ ಹೋದಳು. ಎರಡು ಕಡೆ ಸುಧಾರಿಸಿಕೊಳ್ಳಲು ಕೂರಬೇಕಾಯಿತು. ಮೊದಲೆಲ್ಲ ಒಂದೇ ಉಸಿರಿನಲ್ಲಿ ನಡೆಯುತ್ತಿದ್ದ ದಾರಿ. ಖಾನಾವಳಿ ಇತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದವಳು ದಾನಮ್ಮನ ತಂಗಿಯ ಮೊಮ್ಮಗಳು.

"ದೊಡ್ಡಜ್ಜಿ ತೀರಿಕೊಂಡು ಹನ್ನೊಂದು ವರ್ಷ ಆತ್ರಿ," ಎಂದಳು ಆ ಹುಡುಗಿ, ಕೈ ನಿಲ್ಲಿಸದೆ. "ಪರಿಚಯದವ್ರೇನು?"

"ನಮ್ಮನಿಯವ್ರ ಪರಿಚಯ," ಎಂದಳು ನೀಲವ್ವ. "ನಿಮ್ಮನ್ಯಾಗ ಯಾರರ ಈ ಬಾಯಿ ಪಟ್ಟಿ ಹಾಕಿಸಿಕೊಂಡಿದ್ರೇನು, ಉಣಕಲ್ಲಿನವ್ರು ಕೊಡೂದು?"

"ಇಲ್ಲರಿ. ಖಾನಾವಳ್ಯಾಗ ಅದಕ್ಕ ಪುರುಸೊತ್ತು ಎಲ್ಲೈತಿ. ಬರ್ರಿ, ಒಂದ್ ರೊಟ್ಟಿ ತಿನ್ರಿ. ಮುಖ ಬಾಡೇತಿ ನಿಮ್ದು."

"ಮನ್ಯಾಗ ಇನ್ನೂ ಅವ್ರ ಊಟ ಆಗಿಲ್ಲವ್ವಾ," ಎಂದು ನೀಲವ್ವ ತಿರುಗಿದಳು. ಐವತ್ತೊಂದು ವರ್ಷ ಯಾರ ಮೇಲೆ ಉರಿದಿದ್ದಳೋ ಆಕೆ ಸತ್ತು ಹನ್ನೊಂದು ವರ್ಷವಾಗಿತ್ತು. ಉರಿಯನ್ನು ಇಳಿಸಲು ಈಗ ಒಂದು ಜಾಗವೂ ಇರಲಿಲ್ಲ. ದಾನಮ್ಮನಾದರೆ ಗೊತ್ತಿದ್ದವಳು. ಇವಳು ಯಾರು?

ಆ ಮಧ್ಯಾಹ್ನ ಅವಳು ಮಾಡಬಾರದ್ದನ್ನು ಮಾಡಿದಳು. ಪೆಟ್ಟಿಗೆಯ ತಿರುಗಣೆಯನ್ನು ಹತ್ತೊಂಬತ್ತರಿಂದ ಏಳಕ್ಕೆ ತಿರುಗಿಸಿ, ಅದು ಮತ್ತೆ ಸರಿಯದಂತೆ ಒಂದು ಹನಿ ಅಂಟು ಹಾಕಿದಳು. ಗಂಡನನ್ನು ಉಪವಾಸ ಕೆಡವಬೇಕೆಂದು ಅವಳಿಗೆ ಖಂಡಿತ ಇರಲಿಲ್ಲ. ಆ ರುಚಿ ಹೋದರೆ ಹಸಿವು ತಾಳಲಾರದೆ ತನ್ನ ರೊಟ್ಟಿಗೆ ಮರಳುತ್ತಾನೆ ಎಂದುಕೊಂಡಳು. ರುಚಿ ಸತ್ತವನಿಗೆ ಹಸಿವೂ ಸತ್ತಿರುತ್ತದೆ ಎಂಬುದನ್ನು ಎರಡು ವರ್ಷ ಕಣ್ಣಾರೆ ಕಂಡಿದ್ದವಳು ಹೊಟ್ಟೆಕಿಚ್ಚಿನಲ್ಲಿ ಮರೆತುಬಿಟ್ಟಿದ್ದಳು.

ಫಕೀರಪ್ಪ ಒಂದು ಚಮಚ ಬಾಯಿಗಿಟ್ಟು ಉಗುಳಿದ. ಪೆಟ್ಟಿಗೆ ತಟ್ಟಿದ, ಅಲ್ಲಾಡಿಸಿದ. ಕಣ್ಣು ಮಂಜಾದ ಅವನಿಗೆ ಅಂಕೆ ಕಾಣುತ್ತಿರಲಿಲ್ಲ. "ಆಕಿ ಹೋದಳು," ಎಂದ. ಅಷ್ಟೇ ಅಂದದ್ದು. ಗೋಡೆಯ ಕಡೆ ಮುಖ ಮಾಡಿ ಮಲಗಿದ. ನೀಲವ್ವ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ತಂದಳು, ಏಳಲಿಲ್ಲ. ಅನ್ನ ಕಲಸಿ ಬಾಯಿಗೆ ಹಿಡಿದಳು, ತುಟಿ ಬಿಚ್ಚಲಿಲ್ಲ. ಮರುದಿನವೂ ಹಾಗೆಯೇ. ಅಂಟು ಕೀಳಲು ಹೋದರೆ ಅದು ಕಲ್ಲಾಗಿತ್ತು. ಮಗನಿಗೆ ಹೇಳಲು ಬಾಯಿ ಬರಲಿಲ್ಲ. ಮೂರನೇ ದಿನ ಬೆಳಿಗ್ಗೆ ರೇಣವ್ವ ಓಡುತ್ತ ಬಂದಳು.

"ನಿಯಂತ್ರಣ ಕೊಠಡ್ಯಾಗ ನಿಮ್ಮ ಮನಿ ಚುಕ್ಕಿ ಕೆಂಪಾಗೇತ್ರಿ. ಪೆಟಿಗಿ ಏಳರ ಮ್ಯಾಲೆ ನಿಂತಂಗ ತೋರಸಾಕತ್ತೈತಿ. ನಡೀರಿ, ಗಾಡಿ ಹಚ್ಚೇನಿ."

ಪ್ರಯೋಗಾಲಯದ ತೂಕದ ಯಂತ್ರ ನಲವತ್ತೆರಡೂವರೆ ತೋರಿಸಿತು. ಏರಿದ್ದೆಲ್ಲ ಮೂರು ದಿನದಲ್ಲಿ ಕರಗಿ, ಇದ್ದದ್ದರಲ್ಲೂ ಒಂದಿಷ್ಟು ಹೋಗಿತ್ತು. ಫಕೀರಪ್ಪನನ್ನು ಒಳಗೆ ಮಲಗಿಸಿ, ಹೊಸ ಪೆಟ್ಟಿಗೆ ಕೊಟ್ಟು, ರೇಣವ್ವ ಅಂಬಲಿ ಉಣಿಸತೊಡಗಿದಳು. ನೀಲವ್ವ ನಿಯಂತ್ರಣ ಕೊಠಡಿಯಲ್ಲಿ ಡಾಕ್ಟರ್ ನದಾಫಳ ಎದುರು ಕುಳಿತಳು. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಅವರ ವಾರ್ಡಿನ ನಕ್ಷೆ. ಓಣಿ ಓಣಿಗೂ ಹಿರಿಯರ ಚುಕ್ಕೆಗಳು, ಹಸಿರು, ಹಳದಿ, ಕೆಂಪು.

"ಅಂಟು ಯಾರು ಹಾಕಿದ್ರು ಅಮ್ಮಾರ?"

"ನಾನs ಹಾಕಿದ್ದು." ನೀಲವ್ವ ತಲೆ ತಗ್ಗಿಸಲಿಲ್ಲ. "ಪೊಲೀಸರಿಗೆ ಕೊಡ್ತೀರೇನು ಕೊಡ್ರಿ. ಆದ್ರ ಮೊದಲ ಒಂದ್ ಮಾತು. ಹತ್ತೊಂಬತ್ತು ಯಾರು ಹೇಳ್ರಿ. ನಾ ಆಕೀನ್ನ ಒಂದ್ ಸಲ ನೋಡಬೇಕು."

"ನೋಡಿ ಏನ್ ಮಾಡ್ತೀರಿ?"

"ಏನೂ ಮಾಡೂದಿಲ್ಲ. ನೋಡ್ತೇನಿ. ನನ್ನಕಿಂತ ಏನ್ ಹೆಚ್ಚಿಂದು ಐತಿ ಆಕಿ ಹತ್ರ ಅಂತ. ಐವತ್ತೊಂದು ವರ್ಷ ಬಾಯಿಗೆ ಹಾಕಿದಾಕಿ ನಾನು, ಕಣ್ಣಾಗ ನೀರು ತರಿಸಿದಾಕಿ ಆಕಿ. ನಂಗ ನಿದ್ದಿ ಇಲ್ಲ, ನೀರಡಿಕಿ ಇಲ್ಲ. ಹೇಳ್ದಿದ್ರ ಮತ್ತ ಅಂಟು ಹಾಕ್ತೇನಿ."

ಡಾಕ್ಟರ್ ನದಾಫಳಿಗೂ ಆ ಹತ್ತೊಂಬತ್ತರ ಮೇಲೆ ಒಂದು ಕುತೂಹಲ ಮೊದಲಿನಿಂದ ಇತ್ತು. ಉಳಿದ ಯಾವ ರುಚಿಯಲ್ಲೂ ಇಲ್ಲದಷ್ಟು ಜೋರಾದ ಅಲೆ ಅದರಲ್ಲಿತ್ತು. ಪಟ್ಟಿ ಹಿಡಿದಿಡುವುದು ಬರೀ ಉಪ್ಪು-ಹುಳಿಯನ್ನಲ್ಲ. ಆ ತುತ್ತನ್ನು ದೇಹ ಹೇಗೆ ಬರಮಾಡಿಕೊಂಡಿತು ಎಂಬುದೂ ಅದರಲ್ಲಿ ಸೇರಿ ಬರುತ್ತದೆ. ಹತ್ತೊಂಬತ್ತರ ಒಡೆಯರು ಕಲ್ಲುಗಣಿಯಲ್ಲಿ ಕೆಲಸ ಮಾಡಿ, ಹದಿನೆಂಟು ತಾಸಿಗೊಮ್ಮೆ ಊಟ ಕಾಣುವ ಯಾರೋ ಇರಬೇಕು ಎಂದು ಪ್ರಯೋಗಾಲಯದವರು ಮಾತಾಡಿಕೊಂಡಿದ್ದರು. ಅವಳು ನಿಯಮ ಬದಿಗಿಟ್ಟು, ತನ್ನ ಬೆರಳಚ್ಚು ಒತ್ತಿ, ಕೀಲಿ ತೆಗೆದಳು. ಓದಿದಳು. ಇನ್ನೊಮ್ಮೆ ಓದಿದಳು.

"ಅಮ್ಮಾರ, ನಾವು ಶುರುವಿನ್ಯಾಗ ಮನಿಗೊಬ್ಬರಿಗೆ ಎಂಟು ದಿನ ಪಟ್ಟಿ ಹಾಕಿದ್ವಿ. ನಿಮ್ಮನ್ಯಾಗ ಯಾರು ಹಾಕ್ಕೊಂಡಿದ್ರು?"

"ನಾನs. ಅಡಗ್ಯಾಗ ಉಪ್ಪು ಸರಿ ಹಾಕ್ತೇನೋ ಇಲ್ಲೋ ನೋಡಾಕ ಅಂದಿದ್ಲು ರೇಣವ್ವ. ಅದು ಬ್ಯಾರೆ ಪಟ್ಟಿ ಅಂತ ತಿಳದಿದ್ದೆ."

"ಆಕಿಗೂ ಪೂರಾ ಗೊತ್ತಿರಲಿಲ್ಲ. ಹತ್ತೊಂಬತ್ತು ನೀವು."

ನೀಲವ್ವನಿಗೆ ತಕ್ಷಣ ತಲೆಗೆ ಹೋಗಲಿಲ್ಲ. ಹೋದಾಗ ಮೊದಲು ಬಂದದ್ದು ಹೆಮ್ಮೆ. ಬೆನ್ನು ನೆಟ್ಟಗಾಯಿತು. ಹಾಗಾದರೆ ಅವನ ಕಣ್ಣಲ್ಲಿ ನೀರು ತರಿಸಿದ್ದು ತಾನು. ಭಾಗ್ಯವಂತಳೆಂದರೆ ತಾನು. ಬೇವಿನ ಕಟ್ಟೆಯ ಮೇಲೆ ಹಾಡಿ ಹೊಗಳಿಸಿಕೊಂಡವಳು ತಾನು. ಆಮೇಲೆ ಅವಳ ಹುಬ್ಬು ಗಂಟಿಕ್ಕಿತು.

"ಅದೆಂಗ್ರಿ? ನನ್ನ ಅಡಗೀನ ಅವ್ರು ದಿನಾ ಉಂಡಾರ. ಇಂಥಾದ್ದು ಎಂದೂ ಉಂಡಿಲ್ಲ ಅಂತಾರ."

"ಇದು ನಿಮ್ಮ ಅಡಗಿ ಅಲ್ಲ, ನಿಮ್ಮ ಊಟ. ಇಲ್ಲಿ ಹೊತ್ತು ಬರದೈತಿ ನೋಡ್ರಿ. ಎಂಟೂ ದಿನ, ಮಧ್ಯಾಹ್ನ ಮೂರೂ ಇಪ್ಪತ್ತು, ಮೂರೂವರಿ. ಅದಕ್ಕ ಮೊದಲ ಮುಂಜಾನಿಂದ ಚಾ ಬಿಟ್ರ ಏನೂ ಇಲ್ಲ. ಅಷ್ಟೊತ್ತನಾ ಯಾಕ ತಡೀತೀರಿ?"

"ಅವ್ರದು ಆಗಬೇಕಲ್ಲರಿ. ಒಂದು ಗಂಟೆಕ್ಕ ಕೂತ್ರ ಒಂದ್ ತುತ್ತು ಹೋಗಾಕ ಅರ್ಧ ತಾಸು. ಆಮ್ಯಾಲೆ ಭಾಂಡೆ ತಿಕ್ಕೂದು. ಆಮ್ಯಾಲೆ ನಾ ಬಾಗಲ ಹಿಂದ ಕುಂತು ಉಳದದ್ದು ಉಣ್ತೇನಿ."

"ಎಷ್ಟು?"

"ಅರ್ಧ ರೊಟ್ಟಿ." ಹೇಳಲು ನಾಚಿಕೆಯೆನಿಸಿದರೂ ಹೇಳಿದಳು. "ಗಂಡ ಉಣ್ಣದs ಸೊರಗಾಕತ್ತಾನ, ಹೆಂಡ್ತಿ ಹೊಟ್ಟಿ ತುಂಬ ಉಣ್ತಾಳ ಅಂದ್ರ ಮಂದಿ ಏನಂದಾರು ಅಂತ ನಾನs ಕಮ್ಮಿ ಮಾಡೀನಿ. ಎರಡು ವರ್ಷ ಆತು."

ಡಾಕ್ಟರ್ ನದಾಫ್ ಎದ್ದು ಬಂದು ಅವಳ ರಟ್ಟೆ ಹಿಡಿದು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಮೂವತ್ತಾರು. ಪರದೆಯ ಮೇಲೆ ಅವರ ಮನೆಯ ಜಾಗದಲ್ಲಿ ಒಂದೇ ಚುಕ್ಕೆಯಿತ್ತು, ಫಕೀರಪ್ಪನದು. ನೀಲವ್ವನಿಗೆ ಚುಕ್ಕೆಯೇ ಇರಲಿಲ್ಲ. ಯಾರು ಸರಿಯಾಗಿ ಉಣ್ಣುವುದಿಲ್ಲ ಎಂದು ಕೇಳಿದರೆ ಜನ ತಟ್ಟೆಯಲ್ಲಿ ಅನ್ನ ಬಿಟ್ಟವರನ್ನು ತೋರಿಸುತ್ತಾರೆ. ತಟ್ಟೆಯನ್ನೇ ಹಾಕಿಕೊಳ್ಳದವರು ಯಾರಿಗೂ ಕಾಣುವುದಿಲ್ಲ. ಇಷ್ಟು ಯಂತ್ರ ಕಟ್ಟಿದವರಿಗೆ ಇದೊಂದು ಹೊಳೆದಿರಲಿಲ್ಲ.

"ನಮ್ದs ತಪ್ಪು," ಎಂದಳು ಡಾಕ್ಟರ್, ಮುಖ ಕಪ್ಪಿಟ್ಟಿತ್ತು. "ಇನ್ನೊಂದು ಮಾತು ಹೇಳಬೇಕು. ಹಿಡದಿಟ್ಟ ರುಚಿ ನಾಕು ತಿಂಗಳಿಗೆ ಮಾಸತೈತಿ. ಹತ್ತೊಂಬತ್ತಕ್ಕ ಇನ್ನ ಮೂರು ವಾರ. ಆಮ್ಯಾಲೆ ಅದs ನಾಲಗಿಯಿಂದ ಹೊಸದಾಗಿ ತುಂಬಬೇಕು."

"ತುಂಬ್ರಿ. ನಾ ಉಪಾಸ ಇರ್ತೇನಿ."

"ಇಲ್ಲ. ಮೂವತ್ತಾರು ಕಿಲೋದ ಹೆಣಮಗಳನ್ನ ಹಸಿವಿಲೆ ಕೂಡಿಸಿ ರುಚಿ ತಗಿಯೂದು ನನ್ನ ಕೈಲೆ ಆಗೂದಿಲ್ಲ. ನೀವು ಇವತ್ತಿಂದ ಉಣ್ಣಬೇಕು. ನೀವು ಉಂಡ್ರ ಆ ರುಚಿ ನಿಮ್ಮ ನಾಲಗ್ಯಾಗೂ ಇರೂದಿಲ್ಲ. ಫಕೀರಪ್ಪನವ್ರಿಗೆ ಬ್ಯಾರೆ ಯಾರದರ ಹುಡುಕೂಣು, ಇಲ್ಲಾಂದ್ರ ನಳಿಕಿ."

"ಬ್ಯಾರೆಯಾಕಿದು ನಾ ಹಾಕಸೂದಿಲ್ಲ," ಎಂದಳು ನೀಲವ್ವ, ಎದ್ದು ನಿಂತು.

ಗಾಡಿಯಲ್ಲಿ ಮನೆಗೆ ಬರುವಾಗ ಹೆಮ್ಮೆ ಕರಗುತ್ತ ಬಂತು. ಆ ಮೂರೂ ಇಪ್ಪತ್ತರ ಹೊತ್ತು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲ ಹಿಂದೆ, ಒರಳಿನ ಪಕ್ಕ, ಕಾಲು ಚಾಚಿ ಕೂತು ಮೊದಲ ತುತ್ತು ಬಾಯಿಗಿಟ್ಟಾಗ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಇಡೀ ದಿನದಲ್ಲಿ ಅವಳದೆಂದು ಇದ್ದದ್ದು ಆ ಹತ್ತು ನಿಮಿಷ. ಯಾರಿಗೂ ಬಡಿಸದೆ, ಯಾರಿಂದಲೂ ಹೆಸರಿಡಿಸಿಕೊಳ್ಳದೆ, ಅವಳೊಬ್ಬಳೇ ಉಂಡದ್ದು ಅದೊಂದೇ. ಪಕ್ಕದಲ್ಲಿ ಹೊಸ ಪೆಟ್ಟಿಗೆ ಸಿಕ್ಕಿಸಿಕೊಂಡು ತೃಪ್ತಿಯಿಂದ ತೂಕಡಿಸುತ್ತಿದ್ದ ಈ ಗಂಡಸು ಅದನ್ನೂ ಮೂರು ಹೊತ್ತು ಉಂಡುಬಿಟ್ಟಿದ್ದ. ದಾನಮ್ಮನ ಮೇಲೆ ಪಟ್ಟದ್ದು ಒಂದು ಹೊಟ್ಟೆಕಿಚ್ಚೇ ಅಲ್ಲ ಎನಿಸಿತು. ಈಗ ಅವಳಿಗೆ ಗಂಡನ ಮೇಲೆಯೇ ಹೊಟ್ಟೆಕಿಚ್ಚಾಯಿತು.

ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ ಅವಳು ಆರು ರೊಟ್ಟಿ ಬಡಿದಳು. ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಹಸಿ ಈರುಳ್ಳಿ, ಮೊಸರು. ಎಲ್ಲವನ್ನೂ ನಡುಮನೆಗೆ ತಂದು ಫಕೀರಪ್ಪನ ಎದುರಿಗೆ ಇಟ್ಟಳು. ಅವನು ಸೊಂಟದ ಪೆಟ್ಟಿಗೆಗೆ ಕೈ ಹಾಕಿದ.

"ಅದನ್ನ ಈಚೆ ಕೊಡ್ರಿ," ಎಂದು ನೀಲವ್ವ ತೆಗೆದು ಗೂಟಕ್ಕೆ ಸಿಕ್ಕಿಸಿದಳು. "ಸಂಜಿಕಡೆ ಕೊಡ್ತೇನಿ. ಆ ಹತ್ತೊಂಬತ್ತು ಯಾರು ಗೊತ್ತಾತು. ನಾನs."

ಫಕೀರಪ್ಪ ನಕ್ಕ. "ಛೆ, ನಿಂದಲ್ಲ ಬಿಡು. ನಿನ್ನ ಅಡಗಿ ನಂಗ ಗೊತ್ತಿಲ್ಲೇನು?"

"ಅಡಗಿ ಗೊತ್ತೈತಿ. ನಾ ಉಣ್ಣೂದನ್ನ ನೀವು ಎಂದರ ನೋಡೀರೇನು?"

ಫಕೀರಪ್ಪನಿಗೆ ಮದುವೆಯ ದಿನ ಒಂದೇ ಎಲೆಯಲ್ಲಿ ಕೂರಿಸಿದ್ದು ನೆನಪಾಯಿತು. ಅಂದೂ ಅವಳು ನಾಚಿ ತುತ್ತು ಎತ್ತಿರಲಿಲ್ಲ. ಅದರಾಚೆಗೆ ಎಷ್ಟು ತಡಕಾಡಿದರೂ, ಐವತ್ತೊಂದು ವರ್ಷದಲ್ಲಿ, ಹೆಂಡತಿ ಬಾಯಿಗೆ ತುತ್ತಿಡುತ್ತಿರುವ ಒಂದು ನೋಟವೂ ಅವನಿಗೆ ಸಿಗಲಿಲ್ಲ.

ನೀಲವ್ವ ಅವನೆದುರಿಗೇ ಚಕ್ಕಳಮಕ್ಕಳ ಹಾಕಿ ಕುಳಿತಳು. ದೊಡ್ಡ ತಟ್ಟೆಯನ್ನು ತನ್ನ ಮುಂದೆಳೆದುಕೊಂಡಳು. ಯಾರೋ ಗದರಿಸುತ್ತಾರೆ ಎಂಬಂತೆ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಬಿಸಿ ರೊಟ್ಟಿ ಮುರಿದು, ಪಲ್ಯ ಒತ್ತಿ, ಚಟ್ನಿ ಸವರಿ ಬಾಯಿಗಿಟ್ಟಳು. ಬೆಳಗಿನಿಂದ ಚಹಾ ಬಿಟ್ಟು ಏನೂ ಇರಲಿಲ್ಲ. ಅವಳ ಕಣ್ಣುಗಳು ತಾವಾಗಿ ಮುಚ್ಚಿಕೊಂಡವು.

ಫಕೀರಪ್ಪ ನೋಡುತ್ತಲೇ ಇದ್ದ. ಅವಳ ದವಡೆ ಆಡುವುದನ್ನು, ಗಂಟಲಲ್ಲಿ ತುತ್ತು ಇಳಿಯುವುದನ್ನು, ಈರುಳ್ಳಿ ಕಚ್ಚಿದಾಗ ಮೂಗು ಅರಳಿದ್ದನ್ನು. ಕಟ್ಟೆಯ ಮೇಲೆ ತಾನು ವರ್ಣಿಸಿದ್ದೆಲ್ಲ ಎದುರಿಗೇ ನಡೆದಿತ್ತು, ಆದರೆ ಅದರಲ್ಲಿ ಅವನಿಗೆ ಪಾಲಿರಲಿಲ್ಲ. ಮೊದಲ ರೊಟ್ಟಿ ಮುಗಿಯುವ ಹೊತ್ತಿಗೆ ಅವನ ಮುಖ ಗಂಟಾಯಿತು. ಎರಡನೆಯದು ಮುರಿದಾಗ ಅವನು ಮುಂದಕ್ಕೆ ಸರಿದ.

"ಒಬ್ಬಾಕೀನs ಉಣ್ತೀಯಲ್ಲ," ಎಂದ. ದನಿಯಲ್ಲಿ ಅಸೂಯೆ ಕಡ್ಡಿ ಗೀರಿದಂತೆ ಸ್ಪಷ್ಟವಾಗಿತ್ತು.

"ಉಣ್ತೇನಿ."

"ಹೆಂಗೈತಿ?"

"ಭಾಳ ಚಲೋ ಐತಿ."

ಪೆಟ್ಟಿಗೆ ಗೂಟದ ಮೇಲಿತ್ತು. ನಾಲಗೆಯಲ್ಲಿ ರುಚಿ ಎಂಬುದು ಇರಲಿಲ್ಲ. ಆದರೂ ಫಕೀರಪ್ಪನ ಬಾಯಲ್ಲಿ ಎರಡು ವರ್ಷದ ಮೇಲೆ ನೀರೂರಿತು. ಅವನು ಅದನ್ನು ನುಂಗಿ ತಟ್ಟೆಗೆ ಕೈ ಚಾಚಿದ. ನೀಲವ್ವನ ಕೈ ಹಳೆಯ ಅಭ್ಯಾಸದಿಂದ ತಟ್ಟೆಯನ್ನು ಅವನ ಕಡೆ ತಳ್ಳಲು ಹೊರಟಿತು. ನಡುವೆ ನಿಂತಿತು. ಅವಳು ತಟ್ಟೆಯನ್ನು ತನ್ನ ಮೊಣಕಾಲಿನ ಹತ್ತಿರಕ್ಕೆ ಎಳೆದುಕೊಂಡಳು.

"ಒಂದ್ ತುಣುಕು ಕೊಡs," ಎಂದ ಫಕೀರಪ್ಪ.

"ತಡೀರಿ. ಉಳದ್ರ ಕೊಡ್ತೇನಿ," ಎಂದು ನೀಲವ್ವ ಮೂರನೇ ರೊಟ್ಟಿ ಎತ್ತಿಕೊಂಡಳು.

ಫಕೀರಪ್ಪ ಗೋಡೆಯ ಕಡೆ ಮುಖ ತಿರುಗಿಸಲಿಲ್ಲ. ರೊಟ್ಟಿಯ ಬುಟ್ಟಿಯೊಳಗೆ ಇಣುಕಿ, ಇನ್ನು ಎಷ್ಟು ಉಳಿದಿವೆ ಎಂದು ಎಣಿಸುತ್ತ ಕುಳಿತ.